ಮೊದಲ ರೈಫಲ್‌ಗೆ ಸ್ಕೋಪ್ ಬೇಕೆ? ಓಪನ್ ಸೈಟ್‌ನಿಂದ ಕಲಿಸುತ್ತಿರುವ ನನ್ನ ಅನುಭವ

ಚಿಕ್ಕಮಗಳೂರಿನ ಹೊರವಲಯದಲ್ಲಿ, ಹಿಂದೆ ಕಾಫಿ ಮೂಟೆಗಳನ್ನು ಪೇರಿಸಿಡುತ್ತಿದ್ದ ಉದ್ದನೆಯ ಗೋದಾಮೊಂದರಲ್ಲಿ ನಾನು 10 ಮೀಟರ್ ಏರ್ ರೈಫಲ್ ತರಬೇತಿ ನಡೆಸುತ್ತಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಹೈಸ್ಕೂಲು ಮತ್ತು ಪಿಯುಸಿ ವಿದ್ಯಾರ್ಥಿಗಳು. ಕೆಲವರು ಎನ್‌ಸಿಸಿ ಕೆಡೆಟ್‌ಗಳು. ಇನ್ನು ಕೆಲವರು ಮೂಡಿಗೆರೆ, ಆಲ್ದೂರು ಕಡೆಯಿಂದ ಬರುವ, ಐವತ್ತು ದಾಟಿದ ತೋಟದ ಮಾಲೀಕರು. ವಯಸ್ಸು ಯಾವುದೇ ಇರಲಿ, ಸೇರುವ ದಿನ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಸ್ಕೋಪ್ ಹಾಕಿಕೊಂಡೇ ಕಲಿಯಬಹುದಲ್ಲ ಸಾರ್?" ಕಣ್ಣು ಚೆನ್ನಾಗಿರುವ ಹೊಸಬರಿಗೆ ಮೊದಲು ಓಪನ್ ಸೈಟ್ (ಮಸೂರವಿಲ್ಲದೆ ಬರಿಗಣ್ಣಿನಿಂದ ಗುರಿ ಹಿಡಿಯುವ ಸಾಧನ), ಅದು ಕೈವಶವಾದ ಮೇಲೆ ಪೀಪ್ ಸೈಟ್, ಸ್ಕೋಪ್ ಏನಿದ್ದರೂ ನಿರ್ದಿಷ್ಟ ಕಾರಣವಿದ್ದಾಗ ಮಾತ್ರ ಎಂಬುದು ನಾನು ಪಾಲಿಸಿಕೊಂಡು ಬಂದಿರುವ ಕ್ರಮ. ಹಿಂದಿನಿಂದ ಹಾಗೇ ನಡೆದು ಬಂದಿದೆ ಎಂಬ ಕಾರಣಕ್ಕೆ ಇದನ್ನು ಪಾಲಿಸುತ್ತಿಲ್ಲ. ಕಲಿಯುವವನ ತಪ್ಪು ಅವನ ಕಣ್ಣಿಗೇ ಕಾಣುವಂತೆ ಮಾಡುವ ಗುಣ ಓಪನ್ ಸೈಟ್‌ಗೆ ಇರುವಷ್ಟು ಬೇರಾವುದಕ್ಕೂ ಇಲ್ಲ ಎಂಬುದು ಕಾರಣ.

ಮಲೆನಾಡಿನ ಅನೇಕ ಮನೆಗಳಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಒಂಟಿನಳಿಗೆ ಅಥವಾ ಜೋಡಿನಳಿಗೆಯ ತೋಟದ ಕೋವಿ ಇರುತ್ತದೆ. ಅದನ್ನು ಹಿಡಿದು ಅಭ್ಯಾಸವಿರುವವರು ರೈಫಲ್ ಕೂಡ ಹಾಗೆಯೇ ಎಂದುಕೊಂಡು ಬರುತ್ತಾರೆ. ಚರೆ ತೋಟೆ ಹಾರಿಸುವ ಕೋವಿಯ ನಳಿಗೆಯ ತುದಿಯಲ್ಲಿ ಸಣ್ಣದೊಂದು ಮಣಿ ಇರುತ್ತದೆಯೇ ಹೊರತು ಹಿಂದುಗಡೆ ಅದಕ್ಕೆ ಜೋಡಿಯಾಗಿ ಏನೂ ಇರುವುದಿಲ್ಲ. ಅಲ್ಲಿ ಕಣ್ಣೇ ಹಿಂದಿನ ಸೈಟ್‌ನ ಕೆಲಸ ಮಾಡುತ್ತದೆ, ಚರೆ ಹರಡಿಕೊಳ್ಳುವುದರಿಂದ ಅಷ್ಟಿಷ್ಟು ತಪ್ಪಿದರೂ ನಡೆಯುತ್ತದೆ. ರೈಫಲ್‌ನಲ್ಲಿ ಹೋಗುವುದು ಒಂದೇ ಗುಂಡು. ಓಪನ್ ಸೈಟ್ ಇರುವ ರೈಫಲ್‌ನಲ್ಲಿ ಹಿಂದೆ ಕಚ್ಚು (ಸೀಳು) ಇರುವ ಬ್ಯಾಕ್‌ಸೈಟ್, ಮುಂದೆ ಸಣ್ಣ ಕಂಬದಂಥ ಫೋರ್‌ಸೈಟ್, ಅದರಾಚೆ ಗುರಿ ಹೀಗೆ ಮೂರನ್ನು ಕೂಡಿಸಿಕೊಳ್ಳಬೇಕು. ಪೀಪ್ ಸೈಟ್‌ನಲ್ಲಿ ಹಿಂದಿನ ಕಚ್ಚಿನ ಬದಲು ಸಣ್ಣ ರಂಧ್ರವೂ ಮುಂದೆ ಬಳೆಯಂಥ ಉಂಗುರವೂ ಇರುತ್ತವೆ. ಸ್ಕೋಪ್‌ನಲ್ಲಾದರೆ ಮಸೂರಗಳು ಗುರಿಯನ್ನು ಹತ್ತಿರಕ್ಕೆ ತಂದು ಅದರ ಮೇಲೆಯೇ ಅಡ್ಡಗೆರೆಗಳನ್ನು ತೋರಿಸುತ್ತವೆ.

ಸ್ಪರ್ಧೆಗೆ ಹೋಗಬಯಸುವ ಮಕ್ಕಳ ವಿಷಯದಲ್ಲಿ ನಿಯಮವೇ ಅರ್ಧ ನಿರ್ಧಾರ ಮಾಡಿಬಿಡುತ್ತದೆ. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್‌ನಲ್ಲಾಗಲಿ ಮಂಡಿಯೂರಿ, ಮಲಗಿ, ನಿಂತು ಹೊಡೆಯುವ 50 ಮೀಟರ್ ತ್ರೀ ಪೊಸಿಶನ್‌ನಲ್ಲಾಗಲಿ ಸ್ಕೋಪ್‌ಗೆ ಅವಕಾಶವಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಗೆದ್ದ ಚಿನ್ನ, 2012ರಲ್ಲಿ ಲಂಡನ್‌ನಲ್ಲಿ ಗಗನ್ ನಾರಂಗ್ ಗೆದ್ದ ಕಂಚು, 2024ರಲ್ಲಿ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಗೆದ್ದ ಕಂಚು ಮೂರೂ ಪೀಪ್ ಸೈಟ್‌ನ ಮೂಲಕ ಬಂದವು. ನಮ್ಮ ಶಾಲಾ ಮಟ್ಟದ ಸ್ಪರ್ಧೆಗಳಲ್ಲಿ ಓಪನ್ ಸೈಟ್ ಮತ್ತು ಪೀಪ್ ಸೈಟ್ ಎಂಬ ಬೇರೆ ಬೇರೆ ವಿಭಾಗಗಳಿವೆ. ಹೀಗಿರುವಾಗ ಮಗುವಿಗೆ ಮೊದಲ ವರ್ಷ ಸ್ಕೋಪ್ ಅಭ್ಯಾಸ ಮಾಡಿಸಿ ಆಮೇಲೆ ಅದನ್ನು ಬಿಡಿಸುವುದರಲ್ಲಿ ನನಗೆ ಲಾಭ ಕಾಣಲಿಲ್ಲ.

ನಿಯಮದ ಮಾತನ್ನು ಬದಿಗಿಟ್ಟರೂ ಒಂದು ಸಣ್ಣ ಲೆಕ್ಕ ಉಳಿಯುತ್ತದೆ. ಮೊದಲ ವಾರವೇ ನಾನು ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ. ಬ್ಯಾಕ್‌ಸೈಟ್‌ಗೂ ಫೋರ್‌ಸೈಟ್‌ಗೂ ನಡುವೆ 45 ಸೆಂ.ಮೀ. ಅಂತರವಿರುವ ರೈಫಲ್ ಒಂದನ್ನು ತೆಗೆದುಕೊಳ್ಳಿ. ಕಚ್ಚಿನ ನಡುವೆ ನಿಲ್ಲಬೇಕಾದ ಫೋರ್‌ಸೈಟ್ 1 ಮಿ.ಮೀ. ಬಲಕ್ಕೆ ಸರಿದಿದ್ದರೆ 10 ಮೀಟರ್ ದೂರದಲ್ಲಿ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಸುಮಾರು 22 ಮಿ.ಮೀ. ಬಲಕ್ಕೆ ಹೋಗುತ್ತದೆ. ಏರ್ ರೈಫಲ್ ಗುರಿಯ ಹೊರವೃತ್ತದ ವ್ಯಾಸವೇ 45.5 ಮಿ.ಮೀ.; ಹತ್ತರ ಚುಕ್ಕೆ ಬರಿಯ 0.5 ಮಿ.ಮೀ. ಎಂದರೆ ನಡುವೆ ಬೀಳಬೇಕಾದ ಪೆಲೆಟ್ ಗುರಿಯ ಅಂಚಿಗೆ ಹೋಗಿ ಒಂದೋ ಎರಡೋ ಅಂಕ ತರುತ್ತದೆ. ಅದೇ ಎರಡು ಸೈಟ್‌ಗಳೂ ಸರಿಯಾಗಿ ಕೂಡಿದ್ದು, ಕೂಡಿದ ನೋಟವೇ ಕಪ್ಪು ವೃತ್ತದ ಬಳಿ 5 ಮಿ.ಮೀ. ಅತ್ತಿತ್ತ ತೂಗಾಡಿದರೆ ಪೆಲೆಟ್ ತಪ್ಪುವುದೂ ಅಷ್ಟೇ, 5 ಮಿ.ಮೀ. ಹೊಸಬರು ಹೆದರುವುದು ಈ ತೂಗಾಟಕ್ಕೆ. ಸೈಟ್‌ಗಳ ನಡುವಿನ ಸಣ್ಣ ತಪ್ಪನ್ನು ಗಮನಿಸುವುದೇ ಇಲ್ಲ. ಲೆಕ್ಕ ತಿಳಿದ ಮೇಲೆ ಅವರ ಗಮನ ಗುರಿಯಿಂದ ಫೋರ್‌ಸೈಟ್‌ಗೆ ತಾನಾಗಿ ಬರುತ್ತದೆ.

ಬಂದರೂ ಅಲ್ಲಿ ನಿಲ್ಲುವುದು ಸುಲಭವಲ್ಲ. ನಮ್ಮ ಕಣ್ಣು ಒಂದು ಹೊತ್ತಿಗೆ ಒಂದು ದೂರವನ್ನು ಮಾತ್ರ ಸ್ಪಷ್ಟವಾಗಿ ಕಾಣಬಲ್ಲದು. ಬ್ಯಾಕ್‌ಸೈಟ್ ಸ್ವಲ್ಪ ಮಬ್ಬು, ಗುರಿಯೂ ಮಬ್ಬು, ಫೋರ್‌ಸೈಟ್‌ನ ತುದಿ ಮಾತ್ರ ಚೂಪು, ಕಾಣಬೇಕಾದದ್ದು ಹೀಗೆ. ಗುರಿ ಮಬ್ಬಾಗಿದ್ದರೆ ಹೊಡೆಯುವುದು ಹೇಗೆ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ, ಹಾಗಾಗಿ ಮೊದಲ ಕೆಲವು ತರಗತಿಗಳಲ್ಲಿ ನಾನು ಗುರಿಯನ್ನೇ ಇಡುವುದಿಲ್ಲ. ಕಾರ್ಡನ್ನು ಹಿಂದುಮುಂದಾಗಿ ತಿರುಗಿಸಿ ಬಿಳಿಯ ಬದಿಯನ್ನು ತೋರಿಸಿ, ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಕುಳಿತು ಅದರ ಮೇಲೆ ರೈಫಲ್ ಊರಿ ಹೊಡೆಯಲು ಹೇಳುತ್ತೇನೆ. ನೋಡಲು ಕಪ್ಪು ವೃತ್ತವಿಲ್ಲ, ಎಣಿಸಲು ಅಂಕವಿಲ್ಲ. ಕಣ್ಣಿಗೆ ಫೋರ್‌ಸೈಟ್ ಬಿಟ್ಟರೆ ಬೇರೆ ಆಸರೆಯೇ ಇಲ್ಲ. ಬಿಳಿ ಕಾರ್ಡಿನ ಮೇಲೆ ಐದೈದು ಪೆಲೆಟ್‌ಗಳ ತೂತುಗಳು ಒಟ್ಟೊಟ್ಟಿಗೆ ಬೀಳತೊಡಗಿದ ಮೇಲಷ್ಟೇ ಕಾರ್ಡನ್ನು ತಿರುಗಿಸಿ, ಕಪ್ಪಿನ ಬುಡಕ್ಕೆ, ಗಡಿಯಾರದ 6 ಗಂಟೆ ಇರುವ ಜಾಗಕ್ಕೆ, ಫೋರ್‌ಸೈಟ್ ತಂದು ನಿಲ್ಲಿಸುವುದನ್ನು ಕಲಿಸುತ್ತೇನೆ.

ಆ ತೂತುಗಳನ್ನು ಓದುವುದೇ ನನ್ನ ಮಟ್ಟಿಗೆ ತರಬೇತಿಯ ತಿರುಳು. ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದಿದ್ದರೆ ಫೋರ್‌ಸೈಟ್‌ನ ತುದಿ ಕಚ್ಚಿನ ಮಟ್ಟಕ್ಕೆ ಸಮನಾಗಿ ನಿಂತಿಲ್ಲ, ಇಲ್ಲವೇ ಉಸಿರು ಪ್ರತಿ ಸಲ ಒಂದೇ ಹಂತದಲ್ಲಿ ನಿಂತಿಲ್ಲ. ಅಡ್ಡಸಾಲಾಗಿದ್ದರೆ ಕಚ್ಚಿನೊಳಗೆ ಎಡಬಲದ ಬೆಳಕು ಸಮನಾಗಿಲ್ಲ, ಅಥವಾ ಬೆರಳು ಟ್ರಿಗರ್ ಅನ್ನು ನೇರ ಹಿಂದಕ್ಕೆ ಎಳೆಯದೆ ಪಕ್ಕಕ್ಕೆ ತಳ್ಳುತ್ತಿದೆ. ಎಲ್ಲೆಂದರಲ್ಲಿ ಚದುರಿದ್ದರೆ ಕಣ್ಣು ಫೋರ್‌ಸೈಟ್ ಬಿಟ್ಟು ಗುರಿಗೆ ಓಡಿದೆ. ಗುಂಪು ಬಿಗಿಯಾಗಿದ್ದು ಜಾಗ ಮಾತ್ರ ತಪ್ಪಿದ್ದರೆ ಕಲಿಯುವವನಲ್ಲಿ ದೋಷವಿಲ್ಲ. ಬ್ಯಾಕ್‌ಸೈಟ್ ಅನ್ನು ಪೆಲೆಟ್ ಹೋಗಬೇಕಾದ ದಿಕ್ಕಿಗೇ ಸರಿಸಿದರೆ ಸಾಕು. ಹೊಸಬರು ಎರಡು ಹೊಡೆತಕ್ಕೊಮ್ಮೆ ಸೈಟ್ ತಿರುಗಿಸಲು ಹೊರಡುತ್ತಾರೆ. ಗುಂಪು ಕೂಡುವ ತನಕ ಸ್ಕ್ರೂ ಮುಟ್ಟುವಂತಿಲ್ಲ ಎಂಬ ಕಟ್ಟುನಿಟ್ಟು ನಮ್ಮಲ್ಲಿದೆ.

ಸ್ಕೋಪ್‌ನಲ್ಲಿ ಈ ಓದು ಸಿಗುವುದಿಲ್ಲ ಎಂದಲ್ಲ, ಅರ್ಧ ಸಿಗುತ್ತದೆ. ಗೆರೆಯೂ ಗುರಿಯೂ ಒಂದೇ ಸಮತಲದಲ್ಲಿ ಕಾಣುವುದರಿಂದ ಸೈಟ್ ಕೂಡಿಸುವ ಹೊರೆಯೇ ಇಲ್ಲವಾಗುತ್ತದೆ. ಇದನ್ನೇ ಗುಣವೆಂದು ವಾದಿಸುವವರಿದ್ದಾರೆ ಮತ್ತು ಅವರ ವಾದ ಹುರುಳಿಲ್ಲದ್ದಲ್ಲ. ಬ್ರಿಟಿಷ್ ಸೈನ್ಯ 1985ರಲ್ಲಿ ಎಸ್ಎ80 ರೈಫಲ್ ತಂದಾಗ ಕಾಲಾಳು ದಳಕ್ಕೆ ಅದರ ಜೊತೆ ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ ಸ್ಕೋಪ್ ಕೊಟ್ಟಿತು. ಬೇಗ ತಯಾರಾಗಬೇಕಾದ, ದೂರದ ಗುರಿಯನ್ನು ಗುರುತಿಸಬೇಕಾದ ಸೈನಿಕನಿಗೆ ಅದು ತಕ್ಕ ಆಯ್ಕೆಯೇ. ನನ್ನ ಮುಂದೆ ಇರುವುದು ಆ ಸೈನಿಕನಲ್ಲ, ಹತ್ತು ಮೀಟರ್ ಆಚೆಯ ಕಾಗದವನ್ನು ನೋಡುತ್ತಿರುವ ಹದಿಮೂರರ ಹುಡುಗಿ. ಸ್ಕೋಪ್ ಗುರಿಯೊಂದಿಗೆ ಅವಳ ಕೈಯ ನಡುಕವನ್ನೂ ಹಿಗ್ಗಿಸಿ ತೋರಿಸುತ್ತದೆ. ಅಡ್ಡಗೆರೆ ಹತ್ತರ ಚುಕ್ಕೆಯ ಮೇಲೆ ಹಾದುಹೋಗುವ ಕ್ಷಣವನ್ನು ಕಾದು ಟ್ರಿಗರ್ ಅನ್ನು ತಟ್ಟನೆ ಎಳೆಯುವ ಚಟ ಅಲ್ಲಿಂದಲೇ ಹತ್ತುತ್ತದೆ. ಒಮ್ಮೆ ಹತ್ತಿದ ಆ ಚಟವನ್ನು ಬಿಡಿಸಲು ಪಡುವ ಪಾಡು ಬಹಳ.

ಸಲಕರಣೆಯ ತೊಡಕುಗಳು ಬೇರೆ. ದೊಡ್ಡ ರೈಫಲ್‌ಗಳಿಗೆಂದು ಮಾಡಿದ ಅನೇಕ ಸ್ಕೋಪ್‌ಗಳ ಪ್ಯಾರಲಾಕ್ಸ್ ಅನ್ನು, ಎಂದರೆ ಗೆರೆಯೂ ಗುರಿಯೂ ಒಂದೇ ಸಮತಲದಲ್ಲಿ ಕೂಡುವ ದೂರವನ್ನು, 100 ಗಜಕ್ಕೆ ಹೊಂದಿಸಿರುತ್ತಾರೆ. 10 ಮೀಟರ್‌ಗೆ ಅವುಗಳಲ್ಲಿ ಗುರಿ ಮಸುಕಾಗಿ, ಕಣ್ಣು ಸ್ವಲ್ಪ ಅಲುಗಿದರೂ ಅಡ್ಡಗೆರೆ ಜಾಗ ಬದಲಿಸಿದಂತೆ ಕಾಣುತ್ತದೆ. ನಳಿಗೆ ಮಡಚಿ ಒಳಗಿನ ಸ್ಪ್ರಿಂಗ್ ಅನ್ನು ಅದುಮಿಡುವ ಸ್ಪ್ರಿಂಗ್ ರೈಫಲ್‌ಗಳು ಮೊದಲು ಹಿಂದಕ್ಕೂ ಆಮೇಲೆ ಮುಂದಕ್ಕೂ ಒದೆಯುತ್ತವೆ. ಈ ಎರಡು ದಿಕ್ಕಿನ ಒದೆತಕ್ಕೆಂದು ತಯಾರಿಸದ ಸ್ಕೋಪ್‌ನ ಒಳಭಾಗಗಳು ಬೇಗ ಸಡಿಲವಾಗುತ್ತವೆ. ಗಾಜಿನ ಮೇಲೆ ಕೆಂಪು ಬೆಳಕಿನ ಚುಕ್ಕೆ ತೋರಿಸುವ ರೆಡ್ ಡಾಟ್ ಸೈಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ: 4 ಎಂಒಎ (ಒಂದು ಎಂಒಎ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಅಳತೆಯ ಚುಕ್ಕೆ 10 ಮೀಟರ್‌ನಲ್ಲಿ ಸುಮಾರು 11.6 ಮಿ.ಮೀ. ಜಾಗ ಮುಚ್ಚುತ್ತದೆ, ಎಂದರೆ ಎಂಟರ ವೃತ್ತಕ್ಕಿಂತ ದೊಡ್ಡದು.

ಇಷ್ಟೆಲ್ಲ ಹೇಳಿದರೂ ನನ್ನ ಕಪಾಟಿನಲ್ಲಿ ಸ್ಕೋಪ್ ಒಂದು ಇದೆ, ಹತ್ತಿರದ ದೂರಕ್ಕೂ ಪ್ಯಾರಲಾಕ್ಸ್ ಹೊಂದಿಸಬಹುದಾದದ್ದು. ಯಾರದಾದರೂ ಗುಂಪು ವಾರಗಟ್ಟಲೆ ಬಿಗಿಯಾಗದಿದ್ದರೆ ಅವರದೇ ರೈಫಲ್‌ಗೆ ಅದನ್ನು ಕೂರಿಸಿ, ಮರಳಿನ ಚೀಲದ ಮೇಲಿಟ್ಟು ಅವರಿಂದಲೇ ಹೊಡೆಸುತ್ತೇನೆ. ಸ್ಕೋಪ್‌ನಲ್ಲಿ ಗುಂಪು ಬಿಗಿಯಾಗಿ, ಓಪನ್ ಸೈಟ್‌ನಲ್ಲಿ ಮಾತ್ರ ಚದುರಿದರೆ ಸಮಸ್ಯೆ ಇರುವುದು ನೋಟದಲ್ಲಿ. ಎರಡರಲ್ಲೂ ಚದುರಿದರೆ ಬೆರಳಿನಲ್ಲಿ, ಭುಜದಲ್ಲಿ ಅಥವಾ ರೈಫಲ್‌ನಲ್ಲಿ. ಆಗ ನಾನೇ ಹೊಡೆದು ನೋಡಿ ರೈಫಲ್‌ನ ಪಾಲನ್ನು ಬೇರ್ಪಡಿಸುತ್ತೇನೆ. ಹೀಗೆ ಪರೀಕ್ಷೆಗೆ ಬಳಸುವಾಗ ಸ್ಕೋಪ್‌ನಷ್ಟು ಉಪಯೋಗಿ ಸಾಧನ ಇನ್ನೊಂದಿಲ್ಲ.

ಐವತ್ತು ದಾಟಿದವರ ಲೆಕ್ಕವೇ ಬೇರೆ. ಓದಲು ಕನ್ನಡಕ ಬೇಕಾಗಿರುವ ಕಣ್ಣಿಗೆ ಒಂದು ಮೀಟರ್‌ನೊಳಗಿನ ಫೋರ್‌ಸೈಟ್ ಎಷ್ಟು ಪ್ರಯತ್ನಿಸಿದರೂ ಚೂಪಾಗುವುದಿಲ್ಲ. ಅದು ಅಭ್ಯಾಸದ ಕೊರತೆಯಲ್ಲ, ಕಣ್ಣಿನ ಮಸೂರ ಗಡುಸಾಗಿರುವುದರ ಫಲ. ಅಂಥವರನ್ನು ಓಪನ್ ಸೈಟ್‌ಗೆ ಕಟ್ಟಿಹಾಕುವುದು ಹಿಂಸೆಯೇ ಸರಿ. ಅವರಿಗೆ ನೇರವಾಗಿ ಪೀಪ್ ಸೈಟ್ ಕೊಡುತ್ತೇನೆ, ಏಕೆಂದರೆ ಸಣ್ಣ ರಂಧ್ರದ ಮೂಲಕ ನೋಡಿದಾಗ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಸಾಕಷ್ಟು ಸ್ಪಷ್ಟವಾಗುತ್ತವೆ. ಸ್ಪರ್ಧೆಯ ಹಂಬಲವಿಲ್ಲದೆ ಸಂಜೆಯ ಹೊತ್ತು ಕಳೆಯಲು ಬರುವವರು ಸ್ಕೋಪ್ ಬಯಸಿದರೆ ನನ್ನ ಅಡ್ಡಿಯಿಲ್ಲ.

ನಮ್ಮ ಊರಿನ ಮಳೆಗಾಲವೂ ಈ ಆಯ್ಕೆಯಲ್ಲಿ ಕೈಯಾಡಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಗಲಲ್ಲೂ ಗೋದಾಮು ಕತ್ತಲೆ, ಹೊರಗಿನಿಂದ ತಂದ ಸ್ಕೋಪ್‌ನ ಗಾಜಿನ ಮೇಲೆ ತೇವ ಕೂರುತ್ತದೆ. ಓಪನ್ ಸೈಟ್‌ಗೆ ತೇವದ ಭಯವಿಲ್ಲ, ಆದರೆ ಬೆಳಕಿನ ಹಂಗು ಹೆಚ್ಚು. ಗುರಿಯ ಮೇಲೆ ಕನಿಷ್ಠ 1500 ಲಕ್ಸ್ ಬೆಳಕಿರಬೇಕೆಂಬ ಅಂತರರಾಷ್ಟ್ರೀಯ ನಿಯಮವನ್ನು ನಾವು ಪಾಲಿಸುತ್ತೇವೆ. ಹೊಡೆಯುವವರ ತಲೆಯ ಮೇಲಿನ ದೀಪವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಫೋರ್‌ಸೈಟ್‌ನ ಒಂದು ಮಗ್ಗುಲು ಮಾತ್ರ ಹೊಳೆಯದಂತೆ ನೋಡಿಕೊಳ್ಳುತ್ತೇವೆ. ಒಂದು ಬದಿ ಹೊಳೆದರೆ ಕಣ್ಣು ಆ ಬದಿಯನ್ನೇ ನಡುವೆಂದು ನಂಬುತ್ತದೆ, ಗುಂಪು ಇಡಿಯಾಗಿ ಪಕ್ಕಕ್ಕೆ ಸರಿಯುತ್ತದೆ.

ಪೀಪ್ ಸೈಟ್‌ಗೆ ದಾಟಿಸುವುದು ಯಾವಾಗ ಎಂಬುದಕ್ಕೆ ನಾನು ತಿಂಗಳುಗಳನ್ನು ಎಣಿಸುವುದಿಲ್ಲ. ಹೊಡೆದ ಕೂಡಲೇ, ಕಾರ್ಡು ನೋಡುವ ಮೊದಲೇ, "ಇದು ಎಡಕ್ಕೆ ಹೋಯಿತು ಸರ್" ಎಂದು ಹೇಳಿ ಅದು ನಿಜವೂ ಆದರೆ ಆ ಮಗು ತಯಾರಾಗಿದೆ. ಪೀಪ್ ಸೈಟ್ ಹಾಕಿದ ಮೇಲೆ ಮುಂದಿನ ಉಂಗುರವನ್ನು ಬೇಕೆಂದೇ ದೊಡ್ಡದಾಗಿ, ಸುಮಾರು 4 ಮಿ.ಮೀ. ಇಡುತ್ತೇನೆ, ಕಪ್ಪಿನ ಸುತ್ತ ಧಾರಾಳವಾಗಿ ಬಿಳಿ ಕಂಡರೆ ಹೊಸಬರು ಅನುಮಾನಿಸುತ್ತ ಕೂರದೆ ಸರಿಯಾದ ಹೊತ್ತಿಗೆ ಟ್ರಿಗರ್ ಎಳೆಯುತ್ತಾರೆ. ಎಡಗಣ್ಣು ಮುಚ್ಚಿಕೊಂಡು ಮುಖ ಕಿವಿಚುವ ಬದಲು ಅದರ ಮುಂದೆ ಅರೆಪಾರದರ್ಶಕ ಪಟ್ಟಿ ಕಟ್ಟುತ್ತೇನೆ, ಎರಡೂ ಕಣ್ಣು ತೆರೆದಿರುತ್ತವೆ.

ಮನೆಗೆಂದು ರೈಫಲ್ ಕೊಳ್ಳಬಯಸುವ ತಂದೆತಾಯಂದಿರಿಗೆ ಹೇಳುವುದು ಇಷ್ಟು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ .177 ಬೋರ್ (ನಳಿಗೆಯ ಒಳವ್ಯಾಸ, ಇಂಚಿನಲ್ಲಿ) ಮತ್ತು ಗುಂಡಿನ ಶಕ್ತಿ 20 ಜೂಲ್ ಮಿತಿಯೊಳಗಿನ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ಹಾಗೆಂದು ತೋಟದ ಹಕ್ಕಿಗಳ ಮೇಲೆ ಅದನ್ನು ತಿರುಗಿಸಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಸ್ಕೋಪ್ ಉಚಿತವೆಂದು ಕಟ್ಟಿಕೊಡುವ ಮಾದರಿಗಳಲ್ಲಿ ಕೆಲವಕ್ಕೆ ಓಪನ್ ಸೈಟ್ ಇರುವುದೇ ಇಲ್ಲ, ಅಂಥದ್ದನ್ನು ಕೊಳ್ಳಬೇಡಿ. ಫೋರ್‌ಸೈಟ್ ನೆಟ್ಟಗಿದೆಯೇ, ಬ್ಯಾಕ್‌ಸೈಟ್‌ನ ಸ್ಕ್ರೂ ತಿರುಗಿಸಿದಾಗ ಪ್ರತಿ ಕ್ಲಿಕ್ ಕೈಗೆ ತಿಳಿಯುತ್ತದೆಯೇ, ಸರಿಸಿದ ಮೇಲೆ ಅಲ್ಲಾಡದೆ ನಿಲ್ಲುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಸ್ಪ್ರಿಂಗ್ ರೈಫಲ್ ಅನ್ನು ಪೆಲೆಟ್ ಇಲ್ಲದೆ ಹೊಡೆದು ಪರೀಕ್ಷಿಸಬೇಡಿ, ಒಳಗಿನ ಪಿಸ್ಟನ್‌ಗೆ ಏಟು ಬೀಳುತ್ತದೆ. ಸ್ಕೋಪ್‌ಗೆಂದು ಎತ್ತಿಟ್ಟ ಹಣದಲ್ಲಿ ಮಗುವಿಗೊಂದು ರಕ್ಷಣಾ ಕನ್ನಡಕ ಕೊಂಡು, ಉಳಿದದ್ದಕ್ಕೆ ಚಪ್ಪಟೆ ಮೂತಿಯ ಒಂದೇ ಮಾದರಿಯ ಪೆಲೆಟ್ ಡಬ್ಬಿಗಳನ್ನು ತಂದಿಟ್ಟುಕೊಳ್ಳಿ.