ಬೆಟ್ಟದ ಮೇಲಿನ ಸರೋವರದಲ್ಲಿ ಟ್ರೌಟ್‌ಗೆ ಗಾಳ ಹಾಕುವುದು ಹೀಗೆ

ಕಾಶ್ಮೀರದ ಗ್ರೇಟ್ ಲೇಕ್ಸ್ ಟ್ರೆಕ್ಕಿಂಗ್‌ಗೆ ಬೆಂಗಳೂರಿನಿಂದ ಹೋಗುವವರಲ್ಲಿ ಒಬ್ಬಿಬ್ಬರಾದರೂ ಬ್ಯಾಗಿನಲ್ಲಿ ಗಾಳದ ಕೋಲು ಇಟ್ಟುಕೊಂಡಿರುತ್ತಾರೆ. ಸೋನಾಮಾರ್ಗ್ ಕಡೆಯಿಂದ ಹತ್ತಿ ನಿಚ್ನಾಯ್ ಪಾಸ್ ದಾಟಿದರೆ, ಸುಮಾರು 3,700 ಮೀಟರ್ ಎತ್ತರದಲ್ಲಿ ವಿಶನ್‌ಸರ್ ಸರೋವರ. ಅದರಲ್ಲಿ ಬ್ರೌನ್ ಟ್ರೌಟ್ ಇದೆ. ಈ ಮೀನು ಕಾಶ್ಮೀರಕ್ಕೆ ಬಂದದ್ದು 1900ರಲ್ಲಿ, ಸ್ಕಾಟ್ಲೆಂಡ್‌ನಿಂದ. ಹಿಡಿಯಲು ಮೀನುಗಾರಿಕೆ ಇಲಾಖೆಯ ಪರ್ಮಿಟ್ ಬೇಕು. ಶ್ರೀನಗರದಲ್ಲೇ ಮಾಡಿಸಿಕೊಳ್ಳಿ, ಮೇಲೆ ಹೋದಮೇಲೆ ಯಾರನ್ನು ಕೇಳುತ್ತೀರಿ?

ಎರೆಹುಳ ಸಿಕ್ಕಿಸಿ ಬೆಂಡು ನೋಡುತ್ತಾ ಕೆರೆ ಏರಿಯ ಮೇಲೆ ಕೂತು ಬೆಳೆದವರಿಗೆ ಇದು ಬೇರೆಯೇ ಆಟ. ಇಲ್ಲಿ ಕೊಕ್ಕೆಗೆ ಸುತ್ತಿರುವುದು ಪುಕ್ಕ, ನೂಲು, ಒಂದಿಷ್ಟು ಕೂದಲು. ನೋಡಲು ಹುಳದ ಹಾಗಿರುವ ಇದನ್ನೇ ಫ್ಲೈ ಎನ್ನುವುದು. ತೂಕವೇ ಇಲ್ಲದ ಅದನ್ನು ದೂರಕ್ಕೆ ಒಯ್ಯುವುದು ಹಿಂದಿರುವ ದಪ್ಪ ಲೈನು. 9 ಅಡಿಯ, 5ನೇ ನಂಬರಿನ ರಾಡು (ನಂಬರು ಹೇಳುವುದು ಲೈನಿನ ತೂಕವನ್ನು), ತೇಲುವ ಲೈನು, ತುದಿಗೆ 9ರಿಂದ 12 ಅಡಿಯ ತೆಳ್ಳನೆಯ ಎಳೆ. ಇಷ್ಟು ಸಾಕು.

ಹೋದ ತಕ್ಷಣ ನೀರಿಗೆ ಇಳಿಯಬೇಡಿ. ನಾನು ಮಾಡಿದ ಮೊದಲ ತಪ್ಪೇ ಇದು: ಮೊಣಕಾಲುದ್ದ ನೀರಿಗಿಳಿದು ದೂರ ದೂರ ಎಸೆದೆ, ಮೀನು ಇದ್ದದ್ದು ನಾನು ತುಳಿದುಕೊಂಡು ಬಂದ ದಡದಲ್ಲೇ! ಹೊಳೆಯಲ್ಲಾದರೆ ಟ್ರೌಟ್ ಹರಿವಿಗೆ ಮುಖ ಮಾಡಿ ಒಂದೇ ಕಡೆ ನಿಂತು ಊಟ ಬರಲಿ ಎಂದು ಕಾಯುತ್ತದೆ. ಸರೋವರದಲ್ಲಿ ಹರಿವಿಲ್ಲ, ಹಾಗಾಗಿ ಅದೇ ಹುಡುಕಿಕೊಂಡು ಸುತ್ತುತ್ತದೆ, ಬೀಟ್ ಪೊಲೀಸಿನ ಹಾಗೆ, ಹೆಚ್ಚು ಕಡಿಮೆ ಅದೇ ದಾರಿಯಲ್ಲಿ. ದಡದಿಂದ ನಾಲ್ಕು ಹೆಜ್ಜೆ ಹಿಂದೆ, ಬಂಡೆ ಮರೆಯಲ್ಲಿ ಕೂತು ಹತ್ತು ನಿಮಿಷ ಸುಮ್ನೆ ನೋಡಿ. ಪೋಲರಾಯ್ಡ್ ಕನ್ನಡಕ ಇದ್ದರೆ ನೀರಿನ ಹೊಳಪು ಸರಿದು ತಳ ಕಾಣುತ್ತದೆ. ತಿಳಿಹಸಿರು ನೀರು ಕಡುನೀಲಿಗೆ ತಿರುಗುವ ಅಂಚು, ಮೇಲಿನ ಕೃಷನ್‌ಸರ್ ಸರೋವರದ ತೊರೆ ಬಂದು ಸೇರುವ ಬಾಯಿ, ಈ ಎರಡು ಕಡೆ ಕಣ್ಣಿಡಿ. ಮೊದಲು ಕಾಣುವುದು ತಳದ ಕಲ್ಲುಗಳ ಮೇಲೆ ಜಾರುವ ನೆರಳು, ಆಮೇಲೆ ಮೀನು.

ಇನ್ನು ಎಸೆತ. ರಾಡನ್ನು ಗಡಿಯಾರದ ಮುಳ್ಳು ಎಂದುಕೊಳ್ಳಿ. ಮುಂದೆ 10 ಗಂಟೆ, ಹಿಂದೆ 1 ಗಂಟೆ, ಅದರಾಚೆ ಬೇಡ. ಹಿಂದಕ್ಕೆ ಎತ್ತಿದ ಮೇಲೆ ಲೈನು ಪೂರ್ತಿ ಬಿಚ್ಚಿಕೊಳ್ಳುವ ತನಕ ತಡೆಯಿರಿ. ಆತುರಪಟ್ಟರೆ ಚಾವಟಿಯಂತೆ ಚಟ್ ಎನ್ನುತ್ತದೆ, ಫ್ಲೈ ಕಿತ್ತುಹೋಗುತ್ತದೆ, ಇಲ್ಲವೇ ನಿಮ್ಮ ಟೋಪಿಗೆ ಕಚ್ಚಿಕೊಳ್ಳುತ್ತದೆ (ನನ್ನ ಟೋಪಿಯಲ್ಲಿ ಎರಡು ತೂತಿವೆ).

ಮೀನಿನ ತಲೆ ಮೇಲೆ ಎಸೆಯಬೇಡಿ. ಅದು ಹೋಗುತ್ತಿರುವ ದಾರಿಯಲ್ಲಿ ಎರಡು ಮೂರು ಮೀಟರ್ ಮುಂದೆ ಬೀಳಲಿ. ಮುಳುಗುವ ಫ್ಲೈ ಆದರೆ ಮುಳುಗಲು ಬಿಟ್ಟು, ಮೀನು ಹತ್ತಿರ ಬಂದಾಗ ಲೈನನ್ನು ಗೇಣುದ್ದ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಕಚ್ಚುವುದು ಹೆಚ್ಚಾಗಿ ಆ ನಿಲ್ಲಿಸಿದ ಹೊತ್ತಿನಲ್ಲೇ. ತೇಲುವ ಫ್ಲೈ ಆದರೆ ಎಳೆಯಲೇಬೇಡಿ. ಬಾಯಿ ಮೇಲೆ ಬಂದು, ಮುಚ್ಚಿ, ತಲೆ ಕೆಳಗೆ ಹೋದಮೇಲೆ ರಾಡು ಎತ್ತಿ. ಕಂಡ ಕೂಡಲೇ ಎತ್ತಿದರೆ ಬರುವುದು ಬರೀ ಫ್ಲೈ.

ಗಾಳಿ ಬೆನ್ನಿಗಿದ್ದರೆ ಎಸೆಯುವುದು ಸುಲಭ, ನಿಜ. ಆದರೆ ನೀರಿಗೆ ಬಿದ್ದ ಹುಳಗಳನ್ನು ಗಾಳಿ ಆಚೆ ದಡಕ್ಕೆ ತಳ್ಳಿರುತ್ತದೆ, ಮೀನೂ ಅಲ್ಲೇ ಹೋಗಿರುತ್ತದೆ, ಅಲ್ವಾ? ಕೈ ನೋಯಿಸಿಕೊಂಡಾದರೂ ಅಲ್ಲಿಗೇ ಹೋಗಿ.

ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಮೊದಲೇ ಅದುಮಿಟ್ಟರೆ ಬಿಡಿಸುವುದು ಸಲೀಸು. ಬಿಡುವ ಮೀನನ್ನು ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಒಣಗೈಗೆ ಅದರ ಮೈಯ ಲೋಳೆ ಅಂಟಿಕೊಂಡು ಬರುತ್ತದೆ. ನೀರಿನಲ್ಲೇ ಹೊಟ್ಟೆ ಕೆಳಗೆ ಕೈಯಿಟ್ಟು ಹಿಡಿದಿರಿ. ಬಾಲ ಬಡಿದು ತಾನಾಗಿಯೇ ಜಾರಿಕೊಳ್ಳುತ್ತದೆ.