ಅರಣ್ಯ ನೀತಿಯ ಕರಡನ್ನು ಸಿದ್ಧಪಡಿಸುವ ಕ್ರಮ: ಬಿಳಿಗಿರಿರಂಗನ ಬೆಟ್ಟ ಕಲಿಸುವುದೇನು

ಅರಣ್ಯ ನೀತಿಯ ಕರಡನ್ನು ಬರೆಯಲು ಕುಳಿತವರು ಮೊದಲು ಸಿದ್ಧಪಡಿಸಬೇಕಾದದ್ದು ನಿಷೇಧಗಳ ಪಟ್ಟಿಯನ್ನಲ್ಲ. ಆ ಕಾಡಿನಲ್ಲಿ ಯಾರು, ಯಾವ ಕಾಲದಲ್ಲಿ, ಯಾವ ಕೆಲಸ ಮಾಡುತ್ತಾರೆ, ಅದರಿಂದ ಕಾಡಿಗೆ ಏನಾಗುತ್ತದೆ ಎಂಬ ವಿವರವನ್ನು. ಕಚೇರಿಯ ಕಡತಗಳಲ್ಲಿ ಇದು ಪೂರ್ತಿಯಾಗಿ ಸಿಗುವುದಿಲ್ಲ. ಜೇನು ಕೀಳುವವರನ್ನು, ನೆಲ್ಲಿಕಾಯಿ ಆಯುವ ಹೆಂಗಸರನ್ನು ಅವರ ಪೋಡುಗಳಿಗೇ (ಕಾಡಿನೊಳಗಿನ ಹಾಡಿಗಳಿಗೇ) ಹೋಗಿ ಕೇಳಬೇಕು.

ಈ ಹೆಜ್ಜೆ ಏಕೆ ಮುಖ್ಯವೆಂಬುದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿನ ಸೋಲಿಗ ಬುಡಕಟ್ಟಿನವರು ಬೇಸಿಗೆ ಬಲಿಯುವ ಮೊದಲೇ ನೆಲದ ಒಣ ಎಲೆಗಳಿಗೆ ‘ತರಗು ಬೆಂಕಿ’ ಹಾಕುತ್ತಿದ್ದರು. 1974ರಲ್ಲಿ ಆ ಪ್ರದೇಶ ಅಭಯಾರಣ್ಯವಾದ ಮೇಲೆ ಈ ರೂಢಿ ನಿಂತಿತು. ಮುಂದೆ ಹೊರಗಿನಿಂದ ಬಂದ ಲಂಟಾನ ಎಂಬ ಪೊದೆಗಿಡ ಕಾಡಿನ ಕೆಳಹಂತವನ್ನೆಲ್ಲ ಆವರಿಸತೊಡಗಿತು. 1997 ಮತ್ತು 2008ರಲ್ಲಿ ಸಂಶೋಧಕರು ಮಾಡಿದ ಅಳತೆಗಳನ್ನು ಹೋಲಿಸಿದರೆ ಅದರ ದಟ್ಟಣೆ ಹಲವು ಪಟ್ಟು ಹೆಚ್ಚಿತ್ತು. ನೆಲ್ಲಿ ಮರಗಳ ಮೇಲೆ ಬದನಿಕೆ ಎಂಬ ಪರಾವಲಂಬಿ ಸಸ್ಯ ಹೆಚ್ಚಿದ್ದಕ್ಕೂ ಬೆಂಕಿ ನಿಂತದ್ದೇ ಕಾರಣವೆಂಬುದು ಸೋಲಿಗರ ತಿಳಿವಳಿಕೆ. ಇದೊಂದೇ ಕಾರಣವೆಂದು ನಿರ್ಧರಿಸಲಾಗದಿದ್ದರೂ, ಬೆಂಕಿಯನ್ನು ನಿಷೇಧಿಸುವ ಮೊದಲು ಈ ತಿಳಿವಳಿಕೆಯನ್ನು ಪರಿಶೀಲಿಸಬೇಕಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಎರಡನೆಯದಾಗಿ, ಜಾರಿಯಲ್ಲಿರುವ ಕಾನೂನುಗಳನ್ನು ಒಟ್ಟಿಗಿಟ್ಟು ಓದಬೇಕು: 1963ರ ಕರ್ನಾಟಕ ಅರಣ್ಯ ಕಾಯ್ದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ (2023ರಿಂದ ‘ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮ’), 2006ರ ಅರಣ್ಯ ಹಕ್ಕು ಕಾಯ್ದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯನ್ನು ಆಧರಿಸಿ ಬೆಟ್ಟದಲ್ಲಿ ಜೇನು, ನೆಲ್ಲಿಕಾಯಿಯಂಥ ಕಿರು ಅರಣ್ಯ ಉತ್ಪನ್ನಗಳ ಮಾರಾಟಕ್ಕಾಗಿ ನಡೆಯುತ್ತಿದ್ದ ಸಂಗ್ರಹವನ್ನು ತಡೆಯಲಾಯಿತು. ಅದೇ ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಹಕ್ಕನ್ನು 2006ರ ಕಾಯ್ದೆ ಅರಣ್ಯವಾಸಿಗಳಿಗೆ ನೀಡಿತು. ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿದ್ದರೂ 2011ರಲ್ಲಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರಗಳು ದೊರೆತವು. ಇಂತಹ ಘರ್ಷಣೆಗಳನ್ನು ಕರಡಿನಲ್ಲಿಯೇ ಗುರುತಿಸಿ ಬಗೆಹರಿಸದಿದ್ದರೆ ಅವು ಕೆಳಹಂತದ ಸಿಬ್ಬಂದಿಯ ಮತ್ತು ಹಕ್ಕುದಾರರ ನಡುವಿನ ದಿನನಿತ್ಯದ ಜಗಳವಾಗುತ್ತವೆ.

ಸಮಾಲೋಚನೆಯನ್ನು ಸಹಿ ಸಂಗ್ರಹಣೆಯಾಗಲು ಬಿಡಬಾರದು. ಅರಣ್ಯ ಹಕ್ಕು ನಿಯಮಗಳ ಪ್ರಕಾರ ಗ್ರಾಮಸಭೆಯ ಕನಿಷ್ಠ ಅರ್ಧದಷ್ಟು ಸದಸ್ಯರು ಹಾಜರಿರಬೇಕು, ಹಾಜರಾದವರಲ್ಲಿ ಕನಿಷ್ಠ ಮೂರನೆಯ ಒಂದು ಭಾಗ ಮಹಿಳೆಯರಾಗಿರಬೇಕು. ಸಭೆಯ ದಿನವನ್ನು ಗೊತ್ತುಪಡಿಸುವಾಗ ಜೇನಿನ ಕಾಲವನ್ನೂ ಕೂಲಿಗೆ ಹೋಗುವ ತಿಂಗಳುಗಳನ್ನೂ ತಪ್ಪಿಸಬೇಕು. ಕರಡನ್ನು ಸಾಕಷ್ಟು ಮೊದಲೇ ಕನ್ನಡದಲ್ಲಿ ಓದಿಹೇಳಬೇಕು.

ಬಳಿಕ ಪ್ರತಿಯೊಂದು ನಿಯಮಕ್ಕೂ ಅದನ್ನು ಜಾರಿಗೊಳಿಸುವವರು ಯಾರು, ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬುದನ್ನು ಎದುರಿಗೇ ಬರೆಯಬೇಕು. ಉತ್ತರ ಸಿಗದ ನಿಯಮವನ್ನು ಕೈಬಿಡುವುದೇ ಲೇಸು.

ಫಲಿತಾಂಶದ ಅಳತೆಗೋಲನ್ನು ಆರಿಸುವಾಗ ಎಷ್ಟು ಸಸಿ ನೆಡಲಾಯಿತು, ಎಷ್ಟು ಎಕರೆ ಲಂಟಾನ ಕಡಿಯಲಾಯಿತು ಎಂಬ ಲೆಕ್ಕಕ್ಕೆ ತೃಪ್ತಿಪಡಬಾರದು. ಬುಡಸಮೇತ ಕೀಳದ ಲಂಟಾನ ಮತ್ತೆ ಚಿಗುರುತ್ತದೆ. ಹೀಗಾಗಿ ಮೂರು ಮಳೆಗಾಲಗಳ ನಂತರ ಅದೇ ಜಾಗದಲ್ಲಿ ಹುಲ್ಲು ಬಂದಿದೆಯೇ, ನೆಲ್ಲಿಯ ಎಳೆಯ ಗಿಡಗಳು ಉಳಿದಿವೆಯೇ, ಸಂಗ್ರಹಿಸುವವರ ಆದಾಯ ಏನಾಗಿದೆ ಎಂಬುದನ್ನು ಗ್ರಾಮಸಭೆ ಮತ್ತು ಇಲಾಖೆ ಜೊತೆಯಾಗಿ ನೋಡಿ ದಾಖಲಿಸುವಂತೆ ನಿಯಮವಿರಬೇಕು. ಆ ದಾಖಲೆ ನೀತಿಗೆ ವಿರುದ್ಧವಾಗಿದ್ದರೆ ಯಾವ ಅಧಿಕಾರಿ, ಎಷ್ಟು ದಿನಗಳೊಳಗೆ ತಿದ್ದುಪಡಿಯನ್ನು ಮಂಡಿಸಬೇಕೆಂಬುದನ್ನು ಕರಡಿನಲ್ಲಿಯೇ ನಮೂದಿಸಬೇಕು.