ಶಬ್ದಮಾಪಕ ಹಿಡಿದು ಹೋಮ್ ಥಿಯೇಟರ್ ಸ್ಪೀಕರ್‌ಗಳ ಮಟ್ಟ ಸರಿಹೊಂದಿಸುವ ಕ್ರಮ

ಮನೆಯಲ್ಲಿ ಹೋಮ್ ಥಿಯೇಟರ್ ಇಟ್ಟುಕೊಂಡವರು ಹೆಚ್ಚಾಗಿ ಹೇಳುವ ದೂರು ಒಂದೇ: ಮಾತು ಕೇಳಿಸುವುದಿಲ್ಲವೆಂದು ವಾಲ್ಯೂಮ್ ಏರಿಸಬೇಕು, ಹೊಡೆದಾಟ ಶುರುವಾದೊಡನೆ ರಿಮೋಟ್ ಹುಡುಕಿ ಇಳಿಸಬೇಕು. ಇದಕ್ಕೆ ಚಿತ್ರದ ಧ್ವನಿಮಿಶ್ರಣವೂ ಕಾರಣವಾಗಿರಬಹುದು. ಆದರೆ ಸಂಭಾಷಣೆಯನ್ನು ಹೊತ್ತ ಸೆಂಟರ್ ಸ್ಪೀಕರ್ ಎಡಬಲದ ಸ್ಪೀಕರ್‌ಗಳಿಗಿಂತ ಮೂರು ನಾಲ್ಕು ಡೆಸಿಬಲ್ ಕೆಳಗಿರುವುದೂ ಅಷ್ಟೇ ಸಾಮಾನ್ಯ. ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆಯಾದ ರಿಸೀವರ್ ಎಲ್ಲ ಸ್ಪೀಕರ್‌ಗಳಿಗೂ ಸಮನಾದ ಸಂಕೇತವನ್ನೇ ಕಳುಹಿಸಿದರೂ ಒಂದೊಂದು ಸ್ಪೀಕರಿನ ಸಂವೇದನೆ ಬೇರೆ, ದೂರ ಬೇರೆ, ಹಿಂದಿರುವ ಗೋಡೆಯೂ ಬೇರೆ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಕೋಣೆಯೊಳಗೆ ಗೋಡೆ, ನೆಲ, ಚಾವಣಿಗಳ ಪ್ರತಿಫಲನ ಸೇರುವುದರಿಂದ ಇಳಿತ ಅದಕ್ಕಿಂತ ಕಡಿಮೆ, ಎಷ್ಟು ಕಡಿಮೆ ಎಂಬುದು ಕೋಣೆಯಿಂದ ಕೋಣೆಗೆ ಬದಲಾಗುತ್ತದೆ. ಆದ್ದರಿಂದ ಟೇಪು ಹಿಡಿದು ಲೆಕ್ಕ ಹಾಕಿದರೆ ಸಾಲದು, ಅಳೆಯಲೇಬೇಕು. ಕಿವಿಯನ್ನು ನಂಬುವಂತೆಯೂ ಇಲ್ಲ, ಏಕೆಂದರೆ ಸಣ್ಣ ಸ್ಪೀಕರಿನ ಚೂಪಾದ ದನಿ ಒಂದೇ ಮಟ್ಟದಲ್ಲಿದ್ದರೂ ಜೋರೆಂದು ತೋರುತ್ತದೆ.

ಮೊದಲು ಮಾಪಕದ ಮಾತು. ಕೊಳ್ಳುವಾಗ ನೋಡಬೇಕಾದದ್ದು ಬೆಲೆಗಿಂತ ಹೆಚ್ಚಾಗಿ ಅದರಲ್ಲಿ 'ಸಿ' ವೇಟಿಂಗ್ (ವೇಟಿಂಗ್ ಎಂದರೆ ಯಾವ ಸ್ವರವನ್ನು ಎಷ್ಟು ಲೆಕ್ಕಕ್ಕೆ ಹಿಡಿಯಬೇಕೆಂಬ ಕ್ರಮ) ಇದೆಯೇ ಎಂಬುದು. ಕಾರ್ಖಾನೆ, ರಸ್ತೆಗಳ ಗದ್ದಲ ಅಳೆಯಲೆಂದು ಮಾಡಿದ ಅಗ್ಗದ ಮಾಪಕಗಳಲ್ಲಿ ಎಷ್ಟೋ ಸಲ 'ಎ' ವೇಟಿಂಗ್ ಮಾತ್ರ ಇರುತ್ತದೆ. ಅದು ಮೆಲುದನಿಗೆ ಮನುಷ್ಯನ ಕಿವಿ ಸ್ಪಂದಿಸುವ ರೀತಿಯನ್ನು ಅನುಕರಿಸುವುದರಿಂದ ಮಂದ್ರವನ್ನು ತೀವ್ರವಾಗಿ ಕಡಿತಗೊಳಿಸುತ್ತದೆ: 63 ಹರ್ಟ್ಜ್‌ನಲ್ಲಿ 26 ಡೆಸಿಬಲ್, 31.5 ಹರ್ಟ್ಜ್‌ನಲ್ಲಿ 39 ಡೆಸಿಬಲ್. 'ಸಿ' ವೇಟಿಂಗ್‌ನಲ್ಲಿ ಅದೇ ಕಡಿತ ಕ್ರಮವಾಗಿ 0.8 ಮತ್ತು 3 ಡೆಸಿಬಲ್ ಮಾತ್ರ. ನನ್ನ ಮೊದಲ ಮಾಪಕ 'ಎ' ಮಾತ್ರ ಬಲ್ಲದ್ದಾಗಿತ್ತು. ಮುಖ್ಯ ಸ್ಪೀಕರ್‌ಗಳ ಪರೀಕ್ಷಾ ಸದ್ದು (ಟೆಸ್ಟ್ ಟೋನ್) ಮಧ್ಯಮ ಸ್ವರಗಳಲ್ಲೇ ಇರುವುದರಿಂದ ಅಲ್ಲಿಯವರೆಗೆ ತಪ್ಪು ಗೊತ್ತಾಗಲಿಲ್ಲ; ಮಂದ್ರಕ್ಕೆಂದೇ ಇರುವ ಸಬ್‌ವೂಫರ್ ಸರದಿ ಬಂದಾಗ ಅಂಕಿ ಮೇಲೇಳಲೇ ಇಲ್ಲ. ನಾನು ಅದರ ಮಟ್ಟದ ಗುಬ್ಬಿ (ನಾಬ್) ತಿರುಗಿಸುತ್ತ ಹೋದೆ, ಕಪಾಟಿನ ಪಾತ್ರೆಗಳು ಅದುರಿದವು, ಮಾಪಕ ಮಾತ್ರ ಇನ್ನೂ ಸಾಲದೆನ್ನುತ್ತಿತ್ತು.

ಮೊಬೈಲ್ ಆ್ಯಪ್ ಸಾಕಾಗುವುದಿಲ್ಲವೇ ಎಂದರೆ, ಅರ್ಧ ಸಾಕು. ಇಲ್ಲಿ ಬೇಕಾದದ್ದು ಸ್ಪೀಕರ್‌ಗಳ ನಡುವಿನ ವ್ಯತ್ಯಾಸವೇ ಹೊರತು ನಿಖರವಾದ ಅಂಕಿಯಲ್ಲವಾದ್ದರಿಂದ, ಒಂದೇ ಫೋನನ್ನು ಒಂದೇ ಜಾಗದಲ್ಲಿಟ್ಟು ಅಳೆದರೆ ಎಡ, ಬಲ, ಸೆಂಟರ್, ಸರೌಂಡ್‌ಗಳನ್ನು (ಕೂರುವವರ ಪಕ್ಕ ಅಥವಾ ಹಿಂದೆ ಇಡುವ ಸ್ಪೀಕರ್‌ಗಳು) ಸಮ ಮಾಡಬಹುದು. ಮಾತಿಗಾಗಿ ಮಾಡಿದ ಫೋನಿನ ಮೈಕನ್ನು ಸಬ್‌ವೂಫರ್ ವಿಷಯದಲ್ಲಿ ನಂಬಬಾರದು.

ಅಳೆಯುವ ಮುನ್ನ ಫ್ಯಾನ್ ನಿಲ್ಲಿಸಿರಿ. ಸದ್ದಿಗಿಂತ ಅದರ ಗಾಳಿಯೇ ಹೆಚ್ಚು ತೊಂದರೆ ಕೊಡುತ್ತದೆ. ಮೈಕಿನ ಬಾಯಿಗೆ ಗಾಳಿ ಬಡಿದಾಗ 'ಸಿ' ವೇಟಿಂಗ್ ಅದನ್ನು ಮಂದ್ರ ಶಬ್ದವೆಂದೇ ಎಣಿಸುತ್ತದೆ. ಟೋನ್ ಹಾಕುವ ಮೊದಲು ಖಾಲಿ ಕೋಣೆಯ ಅಂಕಿಯನ್ನು ಓದಿಕೊಳ್ಳಿ. ಹಿನ್ನೆಲೆ ಸದ್ದು ಪರೀಕ್ಷಾ ಸದ್ದಿಗಿಂತ 10 ಡೆಸಿಬಲ್ ಕೆಳಗಿದ್ದರೆ ಫಲಿತಾಂಶ ಅರ್ಧ ಡೆಸಿಬಲ್‌ಗಿಂತ ಕಡಿಮೆ ಏರುಪೇರಾಗುತ್ತದೆ, ಅಷ್ಟಿದ್ದರೆ ಮುಂದುವರಿಯಬಹುದು. ಕಿಟಕಿ, ಬಾಗಿಲು, ಪರದೆಗಳನ್ನು ಚಿತ್ರ ನೋಡುವಾಗ ಹೇಗಿಡುತ್ತೀರೋ ಹಾಗೆಯೇ ಇಡಿ.

ರಿಸೀವರಿನ ಉಳಿದ ಹೊಂದಾಣಿಕೆಗಳು ಮಟ್ಟಕ್ಕಿಂತ ಮೊದಲೇ ಮುಗಿದಿರಬೇಕು. ಸ್ಪೀಕರ್‌ಗಳನ್ನು 'ಸ್ಮಾಲ್' ಎಂದು ನಮೂದಿಸಿ, ಕ್ರಾಸ್‌ಓವರನ್ನು (ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿ) 80 ಹರ್ಟ್ಜ್‌ನಿಂದ ಆರಂಭಿಸಿ, ಪ್ರತಿ ಸ್ಪೀಕರಿನ ದೂರವನ್ನು ತುಂಬಿ. ಆಡಿಸ್ಸಿ, ವೈಪಾವೊದಂತಹ, ರಿಸೀವರ್ ತಾನೇ ಅಳೆದು ಹೊಂದಿಸಿಕೊಳ್ಳುವ ಸ್ವಯಂಚಾಲಿತ ವ್ಯವಸ್ಥೆ ಇದ್ದರೆ ಅದನ್ನು ಮೊದಲು ನಡೆಸಿ, ನಂತರ ಮಾಪಕದಿಂದ ಪರೀಕ್ಷಿಸುವುದು ಒಳ್ಳೆಯ ಕ್ರಮ. ರಾತ್ರಿ ವೇಳೆಗೆಂದು ಸದ್ದಿನ ಏರಿಳಿತವನ್ನು ಕುಗ್ಗಿಸುವ ಸೌಲಭ್ಯಗಳನ್ನು ಈ ಹೊತ್ತಿಗೆ ಆರಿಸಿಡಿ.

ಮಾಪಕವನ್ನು ಕೈಯಲ್ಲಿ ಹಿಡಿಯುವುದಕ್ಕಿಂತ ಕ್ಯಾಮೆರಾ ಟ್ರೈಪಾಡಿನ ಮೇಲೆ, ನೀವು ಕೂರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ನಿಲ್ಲಿಸುವುದು ಮೇಲು. ಮೈಕನ್ನು ಚಾವಣಿಯತ್ತ ಮುಖ ಮಾಡಿಸಿದರೆ ಎಲ್ಲ ಸ್ಪೀಕರ್‌ಗಳಿಗೂ ಅದು ಒಂದೇ ಬಗೆಯಲ್ಲಿ ಒಡ್ಡಿಕೊಂಡಿರುತ್ತದೆ, ಪ್ರತಿ ಸಲ ತಿರುಗಿಸಬೇಕಾಗಿಲ್ಲ. ಸೋಫಾದ ಎತ್ತರದ ಬೆನ್ನು ಸರೌಂಡ್‌ಗಳಿಗೆ ಅಡ್ಡವಾಗದಂತೆ ನೋಡಿಕೊಂಡು, ನೀವು ಪಕ್ಕಕ್ಕೆ ಸರಿದು ನಿಂತು ಅಂಕಿಯನ್ನು ಓದಬೇಕು. ನಿಮ್ಮ ಮೈ ಕೂಡ ಶಬ್ದವನ್ನು ಪ್ರತಿಫಲಿಸುತ್ತದೆ. ಮಾಪಕವನ್ನು 'ಸಿ' ಮತ್ತು 'ಸ್ಲೋ'ಗೆ (ಅಂಕಿ ನಿಧಾನವಾಗಿ ಬದಲಾಗುವ ಸ್ಥಾನ) ಹೊಂದಿಸಿ, ರಿಸೀವರಿನ ಸೆಟಪ್ ಮೆನುವಿನಿಂದ ಟೆಸ್ಟ್ ಟೋನ್ ಹಾಕಿ. ಕೆಲವು ರಿಸೀವರ್‌ಗಳು ಟೋನನ್ನು ತಾವೇ ನಿಗದಿತ ಮಟ್ಟದಲ್ಲಿ ನುಡಿಸುತ್ತವೆ. ಕೆಲವಕ್ಕೆ ಮಾಸ್ಟರ್ ವಾಲ್ಯೂಮನ್ನು 0 ಡೆಸಿಬಲ್‌ಗೆ ಇಡಬೇಕಾಗುತ್ತದೆ.

ಗುರಿ 75 ಡೆಸಿಬಲ್. ಈ ಅಂಕಿ ಸಿನಿಮಾದವರ ರೂಢಿಯಿಂದ ಬಂದದ್ದು. ಧ್ವನಿಮಿಶ್ರಣ ಮಾಡುವ ದೊಡ್ಡ ಕೋಣೆಗಳಲ್ಲಿ, ಸಂಕೇತದ ಗರಿಷ್ಠ ಮಟ್ಟಕ್ಕಿಂತ 20 ಡೆಸಿಬಲ್ ಕೆಳಗಿನ ಪಿಂಕ್ ನಾಯ್ಸ್ (ಎಲ್ಲ ಸ್ವರಗಳೂ ಬೆರೆತ ಭೋರೆಂಬ ಪರೀಕ್ಷಾ ಸದ್ದು) ಮುಖ್ಯ ಸ್ಪೀಕರಿನಿಂದ 85 ಡೆಸಿಬಲ್ ಆಗಿ ಕೇಳಬೇಕು. ಮನೆಯಲ್ಲಿ ಅಷ್ಟು ಜೋರಾದ ಟೋನ್ ಕೇಳಿಸಿಕೊಳ್ಳುವುದು ಹಿಂಸೆಯಾದ್ದರಿಂದ ರಿಸೀವರ್‌ಗಳು ಸಾಮಾನ್ಯವಾಗಿ ಅದನ್ನು ಗರಿಷ್ಠಕ್ಕಿಂತ 30 ಡೆಸಿಬಲ್ ಕೆಳಗೆ ನುಡಿಸುತ್ತವೆ, ಅಳತೆಯೂ 75ಕ್ಕೆ ಇಳಿಯುತ್ತದೆ. ಪರೀಕ್ಷಾ ಡಿಸ್ಕ್ ಬಳಸುವವರು ಅದರ ಟೋನ್ ಯಾವ ಮಟ್ಟದ್ದೆಂದು ನೋಡಿಕೊಳ್ಳದಿದ್ದರೆ ಎಲ್ಲ ಸ್ಪೀಕರ್‌ಗಳೂ ಒಟ್ಟಾಗಿ 10 ಡೆಸಿಬಲ್ ತಪ್ಪುತ್ತವೆ.

ನಮ್ಮ ಹಾಲಿನಲ್ಲಿ ಕಳೆದ ಬಾರಿ ಅಳೆದಾಗ ಎಡಗಡೆಯದು 76, ಬಲಗಡೆಯದು 75.5, ಟಿವಿ ಸ್ಟ್ಯಾಂಡಿನ ಗೂಡಿನೊಳಗೆ ಕುಳಿತಿದ್ದ ಸೆಂಟರ್ 72.5, ಕಿವಿಯ ಪಕ್ಕದಲ್ಲೇ ಇರುವ ಎಡ ಸರೌಂಡ್ 79, ಊಟದ ಮನೆಯತ್ತ ತೆರೆದುಕೊಂಡ ಬದಿಯ ಬಲ ಸರೌಂಡ್ 77 ತೋರಿಸಿದವು. ಮಟ್ಟಗಳನ್ನು ಕ್ರಮವಾಗಿ 1 ಇಳಿಸಿ, ಅರ್ಧ ಇಳಿಸಿ, ಎರಡೂವರೆ ಏರಿಸಿ, 4 ಇಳಿಸಿ, 2 ಇಳಿಸಿದ ಮೇಲೆ ಎಲ್ಲವೂ 75ಕ್ಕೆ ಬಂದವು. ಒಂದು ಸುತ್ತು ಮುಗಿದ ಮೇಲೆ ಮತ್ತೊಮ್ಮೆ ಎಲ್ಲವನ್ನೂ ಅಳೆಯುವುದು ವಾಡಿಕೆ. ಮುಂದಿನ ಮೂರು ಸ್ಪೀಕರ್‌ಗಳ ನಡುವೆ ಅರ್ಧ ಡೆಸಿಬಲ್‌ಗಿಂತ ಹೆಚ್ಚು ವ್ಯತ್ಯಾಸ ಉಳಿಸಬೇಡಿ; ಸರೌಂಡ್‌ಗಳಲ್ಲಿ ಒಂದು ಡೆಸಿಬಲ್ ಅತ್ತಿತ್ತ ಆದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ಸಬ್‌ವೂಫರಿಗೆ ತಾಳ್ಮೆ ಬೇಕು. ಅದರ ಹಿಂಬದಿಯ ಕ್ರಾಸ್‌ಓವರ್ ಗುಬ್ಬಿಯನ್ನು ಪೂರ್ತಿ ಮೇಲಕ್ಕೆ ಅಥವಾ 'ಎಲ್‌ಎಫ್‌ಇ' (ಸಬ್‌ವೂಫರಿನ ಸ್ವಂತ ಶೋಧಕವನ್ನು ಬಿಟ್ಟುಬಿಡುವ) ಸ್ಥಾನಕ್ಕೆ ತಿರುಗಿಸಿ, ಇಲ್ಲದಿದ್ದರೆ ರಿಸೀವರ್ ಒಮ್ಮೆ, ಸಬ್‌ವೂಫರ್ ಒಮ್ಮೆ ಶೋಧಿಸಿ ನಡುವೆ ಹಳ್ಳ ಬೀಳುತ್ತದೆ. ರಿಸೀವರಿನಲ್ಲಿ ಸಬ್‌ವೂಫರ್ ಮಟ್ಟವನ್ನು 0ಗೆ ಇಟ್ಟು, ಮೊದಲು ಪೆಟ್ಟಿಗೆಯ ಗೇನ್ (ಮಟ್ಟದ) ಗುಬ್ಬಿಯಿಂದಲೇ 75ರ ಸಮೀಪ ತಂದು, ಕೊನೆಯ ಒಂದೆರಡು ಡೆಸಿಬಲ್‌ಗಳನ್ನು ಮೆನುವಿನಲ್ಲಿ ಸರಿಪಡಿಸಿ. ಮಂದ್ರದ ಟೋನಿಗೆ ಅಂಕಿ ಎರಡು ಮೂರು ಡೆಸಿಬಲ್ ಮೇಲೆ ಕೆಳಗೆ ಓಲಾಡುತ್ತಲೇ ಇರುತ್ತದೆ. ಹತ್ತು ಹದಿನೈದು ಸೆಕೆಂಡು ನೋಡಿ ನಡುವಿನ ಅಂಕಿಯನ್ನು ಹಿಡಿಯಬೇಕು. ಮಂದ್ರ ಶಬ್ದ ಕೋಣೆಯ ಒಂದು ಕಡೆ ಗುಡ್ಡೆಯಾಗಿ ಮತ್ತೊಂದು ಕಡೆ ಬರಿದಾಗುವುದರಿಂದ, ಸೋಫಾದ ಎರಡು ಮೂರು ಆಸನಗಳಲ್ಲಿ ಅಳೆದು ನೋಡಿ ನಡುವಿನದನ್ನು ಆರಿಸಿಕೊಳ್ಳುವುದು ಮನೆಮಂದಿಗೆಲ್ಲ ನ್ಯಾಯ.

ಹೀಗೆ ಹೊಂದಿಸಿದ ಮೇಲೆ ವಾಲ್ಯೂಮ್ 0 ಎಂದರೆ ನಿಶ್ಶಬ್ದವಲ್ಲ, ಚಿತ್ರಮಂದಿರದ ಮಟ್ಟ ಎಂದರ್ಥ. ಅಪಾರ್ಟ್‌ಮೆಂಟಿನಲ್ಲಿ ಮೈನಸ್ 20ರ ಆಸುಪಾಸಿನಲ್ಲಿ ಕೇಳುವವರೇ ಹೆಚ್ಚು. ಅಷ್ಟು ಇಳಿಸಿದಾಗ ಮಂದ್ರ ಸೊರಗಿದಂತೆ ಅನ್ನಿಸುವುದು ಅಳತೆಯ ತಪ್ಪಲ್ಲ: ಸದ್ದು ತಗ್ಗಿದಂತೆ ಕಿವಿ ಮಂದ್ರವನ್ನು ಬೇಗ ಕಳೆದುಕೊಳ್ಳುತ್ತದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ರೇಖೆಗಳಲ್ಲಿ ತೋರಿಸಿದ್ದಾರೆ. ಆಗ ಸಬ್‌ವೂಫರನ್ನು ಎರಡು ಮೂರು ಡೆಸಿಬಲ್ ಏರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಕೆಳಗಿನ ಮನೆಯವರು ಒಪ್ಪಿದರೆ.

ಅಂತಿಮ ಅಂಕಿಗಳನ್ನೂ ಸಬ್‌ವೂಫರ್ ಗುಬ್ಬಿಯ ಸ್ಥಾನವನ್ನೂ ಒಂದು ಚೀಟಿಯಲ್ಲಿ ಬರೆದು ಟಿವಿ ಸ್ಟ್ಯಾಂಡಿನ ಒಳಬದಿಗೆ ಅಂಟಿಸಿಡಿ. ರಿಸೀವರನ್ನು ಎಂದಾದರೂ ರೀಸೆಟ್ ಮಾಡಬೇಕಾಗಿ ಬಂದರೆ, ಇಲ್ಲವೇ ಹಬ್ಬಕ್ಕೆ ಮನೆ ಸಾರಿಸುವಾಗ ಯಾರಾದರೂ ಗುಬ್ಬಿ ತಿರುಗಿಸಿದರೆ, ಟ್ರೈಪಾಡ್ ಮತ್ತೆ ಹೊರತೆಗೆಯುವ ಕೆಲಸ ತಪ್ಪುತ್ತದೆ. ಸೋಫಾ ಜಾಗ ಬದಲಿಸಿದರೆ ಮಾತ್ರ ಆ ಚೀಟಿ ಕೆಲಸಕ್ಕೆ ಬಾರದು, ಮೊದಲಿನಿಂದ ಅಳೆಯಬೇಕು.